ಬೆಳ್ಳಕ್ಕಿಯ ಬೆನ್ನು

“ಕೇಳಿರಪ್ಪೋ ಕೇಳಿ! ಕಣಿವೆಕೋಟೆಯ ದೊರೆಗಳ ಅಪ್ಪಣೆ! ದೊರೆಮಗಳು ಹೊನ್ನಾಜಮ್ಮಣ್ಣಿಯವರ ಕುದುರೆ ಬೆಳ್ಳಕ್ಕಿ ದೊರೆಗಳನ್ನೇ ಕೆಡವಿದೆ! ಇವತ್ತು ಶುಕ್ರವಾರ, ಸಂಜೆಯೊಳಗೆ ಅದರ ಬೆನ್ನ ಮೇಲೆ ಜೀನು ನಿಲ್ಲಿಸುವವರು ಸಿಗದಿದ್ದರೆ ಕುದುರೆಗೆ ಕತ್ತಿ! ಬರುವವರು ಅಮ್ಮಣ್ಣಿಯವರ ಮೂರು ಒಗಟು ಒಡೆಯಬೇಕು. ಗೆದ್ದರೆ ಕೇಳಿದ್ದು ಸಿಗುತ್ತದೆ, ಸೋತರೆ ತಲೆ ಹೋಗುತ್ತದೆ!”

ಹೊಳೆಯಲ್ಲಿ ಬಟ್ಟೆ ಸೆಳೆಯುತ್ತಿದ್ದ ಮಡಿವಾಳರ ಮಾಚಿಗನ ಕೈ ಅಲ್ಲೇ ನಿಂತಿತು. ಬೆಳ್ಳಕ್ಕಿಯನ್ನು ಅವನು ಕಣ್ಣಾರೆ ನೋಡಿದ್ದು ಎರಡೇ ಸಲ. ಆದರೆ ಅದರ ಜೀನಿನ ಅಡಿಗೆ ಹಾಸುವ ಬಟ್ಟೆ ವಾರವಾರವೂ ಅವನ ಕೈಗೇ ಬರುತ್ತಿತ್ತು. ಕುದುರೆಗೆ ಎಲ್ಲೋ ನೋಯುತ್ತಿದೆ ಎಂಬುದು ಆ ಬಟ್ಟೆ ನೋಡಿಯೇ ಅವನಿಗೆ ಗೊತ್ತಾಗಿತ್ತು. ಲಾಯದವರಿಗೆ ಹೇಳಿಯೂ ನೋಡಿದ್ದ. “ನೀನು ಒಗೆಯೋದು ನೋಡ್ಕೊಳ್ಳಯ್ಯ” ಅಂದಿದ್ದರು.

“ಅವ್ವಾ, ಕೋಟೆಗೆ ಹೋಗ್ಬರ್ತೀನಿ.”

“ಹೋಗೋದೇನೋ ಹೋಗ್ತೀಯ, ಬರೋದು ಹೆಂಗೋ?” ಎಂದು ಅವ್ವ ಎದೆ ಬಡಿದುಕೊಂಡಳು. “ದೊರೆ ಮುಂದೆ, ಕುದುರೆ ಹಿಂದೆ ನಿಲ್ಲಬಾರದು ಅಂತಾರೆ. ನೀನು ಒಂದೇ ದಿನ ಎರಡೂ ಮಾಡ್ತೀನಿ ಅಂತೀಯಲ್ಲೋ!”

“ನಾನು ನಿಲ್ಲೋದು ಕುದುರೆ ಪಕ್ಕದಾಗೆ ಕಣವ್ವಾ,” ಎಂದು ನಕ್ಕು, ಒಗೆದ ಬಟ್ಟೆ, ಕಂಬಳಿಗಳ ಮಂಕರಿಯನ್ನು ತಲೆಯ ಮೇಲೆ ಹೊತ್ತು ಹೊರಟೇಬಿಟ್ಟ. ಅರಮನೆಯ ಬಟ್ಟೆ ತಂದವನನ್ನು ಬಾಗಿಲಲ್ಲಿ ಯಾರು ತಡೆಯುತ್ತಾರೆ!

ಅಂಗಳದಲ್ಲಿ ಜನವೋ ಜನ. ಹೊನ್ನಾಜಮ್ಮಣ್ಣಿ ಕುದುರೆಯ ಕೊರಳು ಹಿಡಿದು ನಿಂತಿದ್ದಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು. ದಳವಾಯಿಯ ಮಗ ಜಟ್ಟಿಂಗ ಮೀಸೆ ತಿರುವುತ್ತ ಮುಂದೆ ಬಂದ.

“ಮೊದಲನೆಯದು,” ಎಂದಳು ಅವಳು. “ಬೆವರು ಬಂದಲ್ಲಿ ಸುಖ, ಬೆವರು ಬಾರದಲ್ಲಿ ನೋವು. ಎಲ್ಲಿದು?”

“ಇಷ್ಟೇನಾ? ಗರಡಿಮನೆ!”

“ಅಲ್ಲ.”

ಭಟರು ಅವನ ರಟ್ಟೆ ಹಿಡಿದರು. ಮೀಸೆ ಇಳಿದುಹೋಯಿತು. ಆಮೇಲೆ ಬಂದವನು ಅರಮನೆಗೆ ಜೀನು ಮಾಡಿಕೊಡುವ ಸೋಮೋಜ. ಬೆಳ್ಳಕ್ಕಿ ನೊಂದು ಒದ್ದಾಡಿದಾಗಲೆಲ್ಲ ಜೀನಿನ ಅಡಿಗೆ ಇನ್ನೊಂದು ಮೆತ್ತೆ ಸೇರಿಸುತ್ತ ಸೇರಿಸುತ್ತ ಏಳಕ್ಕೆ ತಂದು ನಿಲ್ಲಿಸಿದ್ದ ಪುಣ್ಯಾತ್ಮ. ಅವನು ಗಡ್ಡ ಕೆರೆದುಕೊಂಡು, “ಕುಲುಮೆ, ಅಮ್ಮಣ್ಣಿ. ಅಲ್ಲಿ ಬೆವರಿಳಿಸಿದರೆ ಅನ್ನ, ಇಲ್ಲದಿದ್ದರೆ ಹಸಿವು,” ಎಂದ. ಅವನನ್ನೂ ಎಳೆದೊಯ್ದರು.

ಹೊತ್ತು ಇಳಿಯುತ್ತಿತ್ತು. ಕತ್ತಿಯವನು ಬಂದು ನಿಂತಾಗಿತ್ತು. ಮಾಚಿಗ ಮಂಕರಿ ಇಳಿಸಿ ಮುಂದೆ ನಡೆದ. ಮಂಕರಿಯ ಅಡಿಗೆಂದು ಬಟ್ಟೆ ಸುತ್ತಿ ತಲೆ ಮೇಲೆ ಇಟ್ಟುಕೊಂಡಿದ್ದ ಸಿಂಬೆಯನ್ನು ಗಾಬರಿಯಲ್ಲಿ ತೆಗೆಯುವುದನ್ನೇ ಮರೆತಿದ್ದ. ಜನ ಗೊಳ್ಳೆಂದು ನಕ್ಕರು. ಆದರೂ ಅವನು ಬಾಯಿ ಬಿಟ್ಟ.

“ಅದು ಜೀನಿನ ಅಡಿ ಕಣಮ್ಮಣ್ಣಿ. ಜೀನು ಹಿತವಾಗಿ ಕೂತ ಕಡೆ ಬೆವರು ಬರ್ತದೆ. ಒತ್ತಿದ ಕಡೆ ಬೆವರಿಗೂ ದಾರಿಯಿಲ್ಲ. ಬೆಳ್ಳಕ್ಕಿ ಬಟ್ಟೆ ಎಲ್ಲಾ ನೆಂದಿರ್ತದೆ, ನಡುಬೆನ್ನಿನ ಮೇಲೆ ಮಾತ್ರ ಅಂಗೈಯಗಲ ಒಣಗಿರ್ತದೆ. ಅಲ್ಲೇ ಅದಕ್ಕೆ ಪ್ರಾಣ ಹೋಗೋದು.”

ನಗು ನಿಂತಿತು. ಹೊನ್ನಾಜಮ್ಮಣ್ಣಿ ಕುದುರೆಯ ಕೊರಳು ತಟ್ಟಿದಳು. “ಸರಿ! ಎರಡನೆಯದು. ತಲೆಯೇರಿ ಕೂರುತ್ತದೆ, ಯಾರೂ ಕೈಮುಗಿಯುವುದಿಲ್ಲ. ಅದರ ನಡುವೆ ಏನೂ ಇಲ್ಲ, ಆ ಏನೂ ಇಲ್ಲದ್ದರಿಂದಲೇ ಹೊರೆ ಅಲುಗದೆ ನಿಲ್ಲುತ್ತದೆ. ಏನದು?”

“ಕಿರೀಟ, ಕಿರೀಟ ಅನ್ನಯ್ಯ!” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಕಿರೀಟಕ್ಕೆ ಕೈಮುಗಿಯದವರು ಯಾರಿದ್ದಾರೆ? ಮಾಚಿಗ ತಲೆ ಕೆರೆದುಕೊಳ್ಳಲು ಕೈಯೆತ್ತಿದ. ಕೈಗೆ ಸಿಂಬೆ ಸಿಕ್ಕಿತು, ನಡುವೆ ಬರೀ ತೂತು!

“ಇದೇ ಅಮ್ಮಣ್ಣಿ, ಇದೇ!” ಎಂದು ಅದನ್ನು ಎತ್ತಿ ಹಿಡಿದು ಕುಣಿದೇಬಿಟ್ಟ. ಈ ಸಲ ಜನ ನಕ್ಕದ್ದು ಖುಷಿಗೆ.

“ಮೂರನೆಯದನ್ನು ಕೇಳುವವಳು ನಾನಲ್ಲ, ಬೆಳ್ಳಕ್ಕಿ. ನನ್ನ ಬೆನ್ನಿಗೆ ಯಾವುದು ಎಂದು ಕೇಳುತ್ತಿದೆ,” ಎಂದಳು ಅವಳು. ಸಾಲಾಗಿ ಜೀನುಗಳಿದ್ದವು. ಬೆಳ್ಳಿಯದು, ದಂತದ್ದು, ಗಂಧದ ಮರದ್ದು, ಏಳು ಮೆತ್ತೆಯದು. “ನಿಜ ಹೇಳುತ್ತೇನಪ್ಪ, ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ.”

ಮಾಚಿಗ ಒಂದನ್ನೂ ಮುಟ್ಟಲಿಲ್ಲ. ಮಂಕರಿಯಿಂದ ಎರಡು ಕಂಬಳಿ ತೆಗೆದು ಬಿಗಿಯಾಗಿ ಸುರುಳಿ ಸುತ್ತಿದ. ಬೆನ್ನುಮೂಳೆಯ ಆಚೆಗೊಂದು, ಈಚೆಗೊಂದು ಇಟ್ಟು, ನಡುವೆ ನಾಲ್ಕು ಬೆರಳು ದಾರಿ ಬಿಟ್ಟು, ಅಗಲವಾದ ಬಟ್ಟೆಪಟ್ಟಿಯಿಂದ ಹೊಟ್ಟೆ ಸುತ್ತ ಕಟ್ಟಿದ. ಮರವಿಲ್ಲ, ಮೊಳೆಯಿಲ್ಲ.

ದೊರೆ ಎದ್ದು ನಿಂತ. “ಇದು ಕತ್ತೆಯ ಬೆನ್ನಿಗೆ ಕಟ್ಟುವ ತಡಿ! ನನ್ನ ಲಾಯದಲ್ಲಿ ಕತ್ತೆಯ ತಡಿಯೇ?”

“ಹೌದು ಬುದ್ಧಿ. ನಮ್ಮ ಕತ್ತೆ ಹನ್ನೆರಡು ವರ್ಷದಿಂದ ಹೊರ್ತಾ ಅದೆ. ಇವತ್ತಿನವರೆಗೆ ಯಾರನ್ನೂ ಕೆಡವಿಲ್ಲ.”

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು. ಅಷ್ಟರಲ್ಲಿ ಹೊನ್ನಾಜಮ್ಮಣ್ಣಿ ಸೆರಗು ಕಟ್ಟಿ, ಚಂಗನೆ ಹಾರಿ ಏರಿ ಕೂತಿದ್ದಳು. ಬೆಳ್ಳಕ್ಕಿಯ ಚರ್ಮ ಅದುರಿತು. ಕಿವಿ ಹಿಂದಕ್ಕೆ ಹೋದವು. ಮಾಚಿಗ ಪಕ್ಕದಲ್ಲೇ ನಿಂತು ಕಣ್ಣು ಮುಚ್ಚಿಕೊಂಡ.

ಬುಸ್ಸೆಂದು ಕುದುರೆ ನಿಟ್ಟುಸಿರು ಬಿಟ್ಟಿತು. ಕೊರಳು ಇಳಿಸಿತು. ಒಂದು ಹೆಜ್ಜೆ, ಎರಡು ಹೆಜ್ಜೆ, ಆಮೇಲೆ ನಾಗಾಲೋಟ! ಕೋಟೆ ಸುತ್ತಿ ಬಂದಾಗ ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

“ಏನು ಮಾಡಿದೆಯೋ?” ಎಂದ ದೊರೆ.

“ಸಿಂಬೆ ಮಾಡಿದ್ದನ್ನೇ ಬುದ್ಧಿ, ನೋವಿರೋ ಕಡೆ ಏನೂ ಇಡಲಿಲ್ಲ. ಕಾಲಿಗೆ ಬಿಗಿಯಾದ ಕೆರಕ್ಕೆ ಬಟ್ಟೆ ತುರುಕಿದರೆ ಇನ್ನೂ ಬಿಗಿಯಾಗ್ತದಲ್ವಾ? ಏಳು ಮೆತ್ತೆ ಮಾಡಿದ್ದೂ ಅದನ್ನೇ.”

ದೊರೆ ತನ್ನ ಸೊಂಟ ಸವರಿಕೊಂಡು ಹೊಟ್ಟೆ ತುಂಬ ನಕ್ಕ. “ಏನು ಬೇಕು ಕೇಳು!”

“ಆ ಇಬ್ಬರ ತಲೆ, ಬುದ್ಧಿ. ಅವರ ಹೆಗಲ ಮೇಲೇ ಇರಲಿ.”

ಅದೂ ಆಯಿತು. ಮೇಲಾಗಿ ದೊರೆ ಅವನನ್ನು ಲಾಯದ ಯಜಮಾನನನ್ನಾಗಿ ಮಾಡಿ, ಮಾಚಿಗ ಅಡಿಬಟ್ಟೆ ನೋಡಿ ಹೂಂ ಅನ್ನದೆ ಯಾವ ಕುದುರೆಗೂ ಜೀನು ಬಿಗಿಯಕೂಡದೆಂದು ಡಂಗುರ ಸಾರಿಸಿದ. ಸೋಮೋಜನೇ ಬಂದು ಸುರುಳಿ ಸುತ್ತುವುದು ಕಲಿತ.

ಮುಂದಿನ ವಾರ ಬೆಳ್ಳಕ್ಕಿಯ ಬಟ್ಟೆಯನ್ನು ಯಜಮಾನ ತಾನೇ ಹೊಳೆಗೆ ಹೊತ್ತು ತಂದು ಬಿಡಿಸಿ ನೋಡಿದ. ಅಂಚಿನಿಂದ ಅಂಚಿಗೆ ಒಂದೇ ಸಮ ಬೆವರು, ಒಣಗಿದ ಜಾಗವೇ ಇಲ್ಲ. “ಅವ್ವಾ, ನೋಡಿಲ್ಲಿ!” ಎಂದು ಕೂಗಿ, ಒಗೆದು ಬಂಡೆಯ ಮೇಲೆ ಹರವಿದ. ಅದು ಒಣಗುವಷ್ಟರಲ್ಲಿ ನನ್ನ ಕತೆಯೂ ಮುಗಿಯಿತು.