ಗಾಣದೆತ್ತು ಕೆರೆಗೆ ಹೋದದ್ದು

ದುಡಿದು ಹಣ್ಣಾದ ಪ್ರಾಣಿಗಳಿಗೆಂದೇ ಬಿಟ್ಟಿದ್ದ ಹುಲ್ಲುಗಾವಲಿಗೆ ಕೆಂದ ಎಂಬ ಗಾಣದೆತ್ತು ಬಂದು ಸೇರಿತು. ಅಲ್ಲಿ ಮುದಿ ಕುದುರೆಗಳು ಬೆಳಿಗ್ಗೆ ಓಟದ ಪಂದ್ಯ ನಡೆಸುತ್ತಿದ್ದವು, ಎಮ್ಮೆಗಳು ಕೆರೆಯಲ್ಲಿ ಈಜುತ್ತಿದ್ದವು, ಸಂಜೆಯಾದರೆ ಎಲ್ಲವೂ ಸೇರಿ ಹಾಡುತ್ತಿದ್ದವು. ಕೆಂದ ಮಾತ್ರ ಬಂದಾಗಿನಿಂದ ಒಂದು ಬೇವಿನ ಮರವನ್ನು ಸುತ್ತುತ್ತಲೇ ಇತ್ತು.

ಅಗಸರ ಮನೆಯಲ್ಲಿ ಮೂಟೆ ಹೊತ್ತು ಬಂದಿದ್ದ ಮುದಿ ಕತ್ತೆ ಚಿನ್ನವ್ವ ಕೇಳಿತು: "ಅಣ್ಣಾ, ಇಲ್ಲಿ ಯಾವ ಎಣ್ಣೆ ತೆಗೆಯುತ್ತಿದ್ದೀಯೆ?"

"ಎಣ್ಣೆ ಬರುವುದಿಲ್ಲವೆಂದು ನನಗೂ ಗೊತ್ತು, ತಾಯಿ," ಎಂದಿತು ಕೆಂದ. "ನಿಂತುಬಿಟ್ಟರೆ ನಾನು ಯಾರಿಗೂ ಬೇಡವಾಗುತ್ತೇನೆಂಬ ಭಯ."

"ಹಾಗಾದರೆ ನಿಲ್ಲಬೇಡ. ನನ್ನ ಜೊತೆ ಕೆರೆಯವರೆಗೆ ನಡೆ."

ಕೆಂದ ಹೊರಟಿತು. ಆದರೆ ಜೀವಮಾನವೆಲ್ಲ ಸುತ್ತಿದ ಕಾಲುಗಳು ಮತ್ತೆ ಮತ್ತೆ ಎಡಕ್ಕೇ ತಿರುಗಿದವು. ನೀರಿನಲ್ಲಿದ್ದ ಎಮ್ಮೆಗಳು ನಕ್ಕವು. ಕೆಂದನಿಗೆ ಅವಮಾನವಾಗಿ, ಮರದ ಕಡೆಗೇ ಮರಳಲು ನೋಡಿತು. ಚಿನ್ನವ್ವ ಅದರ ಎಡಗಡೆಗೆ ಬಂದು, ಮೈಗೆ ಮೈ ತಾಗಿಸಿ ನಡೆಯತೊಡಗಿತು. ಕೆಂದ ತಿರುಗಲು ಹೋದಾಗಲೆಲ್ಲ ಕತ್ತೆಯ ಪಕ್ಕೆ ತಗುಲಿ, ದಾರಿ ನೆಟ್ಟಗಾಯಿತು.

ಕೆರೆ ಬಂತು.

"ಈಗೇನು ಮಾಡಬೇಕು?" ಎಂದು ಕೆಂದ ಗಾಬರಿಯಿಂದ ಕೇಳಿತು.

"ಬಾಯಾರಿದ್ದರೆ ಕುಡಿ."

ಕೆಂದ ಹೊಟ್ಟೆ ತುಂಬ ಕುಡಿಯಿತು. ತಲೆಯೆತ್ತಿದಾಗ ಆಚೆಯ ದಡ ಕಣ್ಣಿಗೆ ಬಿತ್ತು.

"ಅಲ್ಲಿ ಹುಲ್ಲು ಹೇಗಿದೆ?"

"ನಾನೂ ನೋಡಿಲ್ಲ," ಎಂದಿತು ಚಿನ್ನವ್ವ.

"ಹಾಗಾದರೆ ನೋಡಿಬರೋಣ, ಬಾ," ಎಂದು ಕೆಂದ ತಾನೇ ಮುಂದಾಯಿತು.