ಮೈತ್ರಿಗೊಂದು ಮದುವೆ ಸೋಫಾ

ಊರಿನ ಹೆಸರು ಕೇಳಬೇಡಿ. ಹೇಳಿದರೆ ಅದು ಯಾವ ಪಕ್ಷದ ಊರು ಅಂತ ಕೇಳ್ತೀರಿ. ಅದನ್ನೂ ಹೇಳಿದರೆ ನಾನು ಯಾವ ಪಕ್ಷದವನು ಅಂತ ಗುಮಾನಿ ಪಡ್ತೀರಿ. ಒಂದೂರು ಇತ್ತು, ಅಷ್ಟು ಸಾಕು. ಆ ಊರಲ್ಲಿ ಒಬ್ಬಳು ಅವ್ವ, ಅವಳಿಗೊಬ್ಬ ಮಗ. ಅವ್ವ ಪುಟ್ಟಲಿಂಗಮ್ಮ, ಮಗ ಮರಿಸಿದ್ದ. ಮಗನಿಗೆ ಬಾಗಿಲು ತುಂಬುವ ಮೈ, ಎತ್ತಿನಂಥ ರಟ್ಟೆ. ತಲೆಯೊಂದನ್ನು ಮಾತ್ರ ದೇವರು ಅವಸರದಲ್ಲಿ ಜೋಡಿಸಿಬಿಟ್ಟಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿಯಿಲ್ಲ.

“ಇಂಥವನ್ನ ನನ್ನ ಹೊಟ್ಟೇಲಿ ಹುಟ್ಟಿಸಿದ್ಯಲ್ಲೋ ಶಿವನೇ!” ಅಂತ ಪುಟ್ಟಲಿಂಗಮ್ಮ ದಿನಾ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಅವಳದು ಶಾಮಿಯಾನದ ಅಂಗಡಿ. ಗಂಡ ಬಿಟ್ಟುಹೋದ ಆಸ್ತಿ ಅಂದರೆ ಅದೇ: ನೀಲಿ ಪ್ಲಾಸ್ಟಿಕ್ ಕುರ್ಚಿಗಳು, ಕೆಂಪು ಬಿಳಿ ಬಟ್ಟೆ, ಒಂದು ಮೈಕ್ ಸೆಟ್ಟು, ಮದುವೆಯಲ್ಲಿ ಗಂಡು ಹೆಣ್ಣು ಕೂರುವ ಚಿನ್ನದ ಬಣ್ಣದ ಜೋಡಿ ಸೋಫಾ. ಇವೆಲ್ಲ ಇದ್ದದ್ದು ಹೊಂಬಾಳೇಗೌಡನ ಗೋಡೌನಿನಲ್ಲಿ. ಇವನ್ನೆಲ್ಲ ಸಾಗಿಸುತ್ತಿದ್ದದ್ದು ಕೆಂಚಪ್ಪನ ಟ್ರ್ಯಾಕ್ಟರು. ಗೌಡ ಊರಿನ ಬುಟ್ಟಿ ಗುರುತಿನ ಪಕ್ಷದ ಮುಖಂಡ. ಕೆಂಚಪ್ಪ ಮಂಚದ ಪಕ್ಷದ ಮುಖಂಡ. ಗೌಡ ಮುನಿದರೆ ಕುರ್ಚಿ ಬೀದಿಗೆ. ಕೆಂಚಪ್ಪ ಮುನಿದರೆ ಕುರ್ಚಿ ಬೀದಿಯಲ್ಲೇ! ಹಾಗಾಗಿ ಪುಟ್ಟಲಿಂಗಮ್ಮ ಇಬ್ಬರನ್ನು ಕಂಡರೂ ನಗುತ್ತಿದ್ದಳು, ಇಬ್ಬರನ್ನೂ ನಂಬುತ್ತಿರಲಿಲ್ಲ.

ದಿಲ್ಲಿಯ ಲೋಕಸಭೆಗೆ ಚುನಾವಣೆ ಬಂತು. ಬೀಗದ ಪಕ್ಷ ಬಲವಾಗಿತ್ತು. ಅದನ್ನು ಸೋಲಿಸಬೇಕು, ಓಟು ಹಂಚಿಹೋಗಬಾರದು ಅಂತ ಬುಟ್ಟಿಯವರೂ ಮಂಚದವರೂ ಬೆಂಗಳೂರಲ್ಲಿ ಕೂತು ಮೈತ್ರಿ ಮಾಡಿಕೊಂಡರು. ಅಭ್ಯರ್ಥಿ ಬುಟ್ಟಿಯವನು, ಮಂಚದವರೂ ಬುಟ್ಟಿಗೇ ಒತ್ತಬೇಕು. ಹೋದ ಚುನಾವಣೆಯಲ್ಲಿ ಅಂಗಿ ಹರಿದುಕೊಂಡಿದ್ದ ಗೌಡನೂ ಕೆಂಚಪ್ಪನೂ ಈಗ ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಹಾರ ಹಾಕುವಾಗಲೂ ಒಬ್ಬರ ಕೈ ಮೇಲೆ ಇನ್ನೊಬ್ಬರಿಗೆ ಕಣ್ಣು. ಮಂಚದವರು ನಿಜವಾಗಿ ಬುಟ್ಟಿಗೆ ಒತ್ತುತ್ತಾರಾ? ಗೌಡನಿಗೆ ಗುಮಾನಿ. ಗೆಲ್ಲಿಸಿದ ಮೇಲೆ ಗೌಡ ತಿರುಗಿ ನೋಡ್ತಾನಾ? ಕೆಂಚಪ್ಪನಿಗೆ ಗುಮಾನಿ. ಇವರಿಬ್ಬರಲ್ಲಿ ಯಾರು ಮೊದಲು ನನ್ನ ಕುತ್ತಿಗೆಗೆ ಬರ್ತಾರೆ? ಪುಟ್ಟಲಿಂಗಮ್ಮನಿಗೆ ಗುಮಾನಿ. ಮರಿಸಿದ್ದನಿಗೊಬ್ಬನಿಗೇ ಯಾರ ಮೇಲೂ ಗುಮಾನಿ ಇರಲಿಲ್ಲ. ಊರಿಗೆ ಅದೇ ದೊಡ್ಡ ಗುಮಾನಿಯಾಯಿತು.

ಮೈತ್ರಿಯ ಮೊದಲ ಸಭೆ. ಅವ್ವ ಮಗನನ್ನು ಕರೆದಳು.

“ಲೇ ಮರಿಸಿದ್ದ, ವೇದಿಕೆ ಮೇಲೆ ಇಬ್ಬರಿಗೂ ಒಂದೇ ತರದ ಕುರ್ಚಿ ಹಾಕು ಕಣ್ಲಾ. ಗೌಡಂಗೆ ಒಂದು ತರ, ಕೆಂಚಪ್ಪಂಗೆ ಇನ್ನೊಂದು ತರ ಆದ್ರೆ ನಮ್ಮನ್ನ ಉಳ್ಸಾಕಿಲ್ಲ. ಒಂದು ಎಳೆ ವ್ಯತ್ಯಾಸ ಇರಬಾರ್ದು!”

“ಆಗ್ಲವ್ವ.”

ಮರಿಸಿದ್ದ ಗೋಡೌನಿಗೆ ಹೋಗಿ ನೋಡಿದ. ಈ ಕುರ್ಚಿಗೆ ಗೀರು, ಆ ಕುರ್ಚಿ ಬಣ್ಣ ಬಿಟ್ಟದ್ದು. ಒಂದರ ಹಾಗೆ ಇನ್ನೊಂದಿಲ್ಲ! ಆ ಕಡೆ ಮದುವೆ ಸೋಫಾ. ಎಡಕ್ಕೊಂದು ನವಿಲು, ಬಲಕ್ಕೊಂದು ನವಿಲು. ಎಡಕ್ಕೊಂದು ದಿಂಬು, ಬಲಕ್ಕೊಂದು ದಿಂಬು. ಒಂದು ಎಳೆ ವ್ಯತ್ಯಾಸವಿಲ್ಲ. ಹೊತ್ತು ಟ್ರ್ಯಾಕ್ಟರಿಗೆ ಹಾಕಿ ತಂದ, ವೇದಿಕೆಯ ನಡುವೆ ಇಟ್ಟ.

ಗೌಡನೂ ಕೆಂಚಪ್ಪನೂ ಕೂತರು. ಮೊಣಕಾಲಿಗೆ ಮೊಣಕಾಲು ತಾಗಿತು. ತಲೆಯ ಮೇಲೆ, ಸೋಫಾದ ಎತ್ತರದ ಬೆನ್ನಿನಲ್ಲಿ, ‘ಶುಭವಿವಾಹ’ ಅಂತ ಚಿನ್ನದ ಅಕ್ಷರ. ಹಿಂದಿನ ಸಾಲಿನಿಂದ ಸಿಳ್ಳೆ! ಮುಂದಿನ ಸಾಲಿನಿಂದ ಒಬ್ಬ ಅಜ್ಜಿ ಕೂಗಿದಳು: “ಧಾರೆ ಯಾವಾಗ್ರಪ್ಪಾ?”

“ಇದು ನೀನೇ ಮಾಡ್ಸಿದ್ದು,” ಅಂದ ಗೌಡ, ಹಲ್ಲು ಕಚ್ಚಿ.

“ಸೋಫಾ ಬಂದಿದ್ದು ನಿನ್ನ ಗೋಡೌನಿಂದ,” ಅಂದ ಕೆಂಚಪ್ಪ.

“ಹೊತ್ಕಂಡ್ ಬಂದಿದ್ದು ನಿನ್ನ ಟ್ರ್ಯಾಕ್ಟರು!”

ಅವ್ವ ಮಗನ ಕಿವಿ ಹಿಂಡಿದಳು. “ಅಯ್ಯೋ ಮುಂಡೇದೆ! ಇಬ್ಬರನ್ನೂ ತಂದು ಅಂಟಿಸಿ ಕೂರಿಸ್ತಾರೇನ್ಲಾ? ಇನ್ನು ಮೇಲೆ ಕುರ್ಚಿ ಹಾಕುವಾಗ ದೂರ ದೂರ ಹಾಕು! ಒಬ್ಬರ ಕೈ ಇನ್ನೊಬ್ಬರಿಗೆ ಎಟುಕಬಾರ್ದು!”

“ಆಗ್ಲವ್ವ.”

ಆಮೇಲಿನದು ಸಂತೆ ಮೈದಾನದಲ್ಲಿ ದೊಡ್ಡ ಸಭೆ. ಟೀವಿಯವರೂ ಬಂದಿದ್ದರು. ಮರಿಸಿದ್ದ ಕುರ್ಚಿ ಹಾಕಿದ. ಒಂದು ಹಾಕಿ ಅದರಲ್ಲಿ ಕೂತ, ಕೈ ಚಾಚಿದ, ಎಟುಕದಷ್ಟು ದೂರದಲ್ಲಿ ಇನ್ನೊಂದು ಹಾಕಿದ. ಮೈದಾನ ಮುಗಿಯಿತು, ಕುರ್ಚಿ ಮುಗಿಯಲಿಲ್ಲ. ರಸ್ತೆ ದಾಟಿದ. ಹಿಟ್ಟಿನ ಗಿರಣಿ ದಾಟಿದ. ಕೊನೆಯ ಕುರ್ಚಿ ಹೋಗಿ ದನದ ಆಸ್ಪತ್ರೆಯ ಬಾಗಿಲಲ್ಲಿ ಬಿತ್ತು.

ಜನವೇನೋ ಬಂದರು. ಬಂದು ಎಲ್ಲಿ ಕೂತರು? ಗಿರಣಿ ಮುಂದೆ ಒಬ್ಬ, ಹುಣಸೇಮರದ ಬುಡದಲ್ಲಿ ಒಬ್ಬ. ಎಲೆಗೆ ಸುಣ್ಣ ಬೇಕಾದರೆ ಎದ್ದು ನಡೆದುಹೋಗಿ ಇಸಕೊಳ್ಳಬೇಕು. ಟೀವಿಯಲ್ಲಿ ಮೈದಾನ ಭಣಭಣ ಅಂತ ಕಂಡಿತು.

“ನನ್ನ ಜನ ಬಂದಿದ್ರು! ಕಾಣದಂಗೆ ಮಾಡ್ಸಿದ್ದು ಗೌಡ!” ಅಂದ ಕೆಂಚಪ್ಪ.

“ನಿನ್ನ ಜನ ಬಂದೇ ಇಲ್ಲ! ಅದನ್ನ ಮುಚ್ಚೋಕೆ ಕುರ್ಚಿ ಹರಡ್ಸಿದ್ದು ನೀನು!” ಅಂದ ಗೌಡ.

ಪೆದ್ದನ ಪೆದ್ದತನ ಅಂತ ಒಬ್ಬರಾದರೂ ಅಂದರಾ? ಇಲ್ಲ. ಚುನಾವಣೆ ಸಮಯದಲ್ಲಿ ಯಾರೂ ಪೆದ್ದರಿರುವುದಿಲ್ಲ, ಎಲ್ಲರ ಹಿಂದೆಯೂ ಯಾರೋ ಇರುತ್ತಾರೆ.

“ಥೂ ನಿನ್ನ!” ಅಂದಳು ಅವ್ವ. “ಸಭೇಲಿ ಖಾಲಿ ಕುರ್ಚಿ ಕಾಣಬಾರ್ದು ಕಣ್ಲಾ! ಖಾಲಿ ಕುರ್ಚಿ ಕಣ್ಣಿಗೆ ಬಿದ್ದ ಗಳಿಗೇಲೇ ಎತ್ತಿ ಒಳಗಿಡಬೇಕು. ತಿಳೀತಾ?”

“ತಿಳೀತವ್ವ.”

ಮೂರನೆಯದು ಒಗ್ಗಟ್ಟಿನ ಸಭೆ. ಇಬ್ಬರ ಜಗಳ ಊರಿಗೆಲ್ಲ ಗೊತ್ತಾಗಿತ್ತಲ್ಲ, ಅದಕ್ಕೇ ಒಗ್ಗಟ್ಟಿನ ಸಭೆ. ಕೆಂಚಪ್ಪ ಮೈಕ್ ಹಿಡಿಯಲು ಎದ್ದ. ಕುರ್ಚಿ ಖಾಲಿಯಾಯಿತು. ಮರಿಸಿದ್ದ ಎತ್ತಿದ, ಒಳಗಿಟ್ಟ.

“ಗೌಡರು ಬೇರೆಯಲ್ಲ, ನಾನು ಬೇರೆಯಲ್ಲ!” ಅಂತ ಕೆಂಚಪ್ಪ ಭಾಷಣ ಮುಗಿಸಿದ. ಎಲ್ಲರಿಗೂ ಕೈಮುಗಿದ. ಹಾಗೇ ಹಿಂದಕ್ಕೆ ಸರಿದು ಕೂತ. ದೊಪ್ಪ!

ಗೌಡ ಎದ್ದ. ಎಬ್ಬಿಸಲು ಎದ್ದನೋ, ನಗಲು ಎದ್ದನೋ, ಅದು ಊರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅವನ ಕುರ್ಚಿಯೂ ಖಾಲಿಯಾಯಿತು. ಅದೂ ಒಳಕ್ಕೆ ಹೋಯಿತು. ನಕ್ಕು ಮುಗಿಸಿ ಗೌಡನೂ ಕೂತ. ದೊಪ್ಪ! “ನಮ್ಮ ನಾಯಕರ ಕುರ್ಚಿ ಕಿತ್ಕಂಡ್ರು!” ಅಂತ ಎರಡೂ ಕಡೆಯವರು ಎದ್ದು ನಿಂತರು. ಎದ್ದೆದ್ದವರ ಕುರ್ಚಿಯೆಲ್ಲ ಒಳಕ್ಕೆ! ಕೊನೆಗೆ ಎತ್ತಿ ಎಸೆಯೋಣವೆಂದರೆ ಒಂದು ಕುರ್ಚಿಯೂ ಉಳಿದಿರಲಿಲ್ಲ. ಬರಿಗೈಯಲ್ಲೇ ಹೊಡೆದಾಡಿದರು.

ಗೌಡ ಪುಟ್ಟಲಿಂಗಮ್ಮನ ಮನೆ ಮುಂದೆ ಬಂದು ನಿಂತ. “ಇನ್ನೊಂದು ಸಲ ಹಿಂಗಾದ್ರೆ ಗೋಡೌನಿನ ಬೀಗದಕೈ ತಂದಿಡು!”

ಹಿಂದೆಯೇ ಕೆಂಚಪ್ಪ ಬಂದ. “ಇನ್ನೊಂದು ಸಲ ಹಿಂಗಾದ್ರೆ ಟ್ರ್ಯಾಕ್ಟರ್ ಮರ್ತುಬಿಡು!”

ಅವ್ವ ಅಳುವುದೊಂದು ಬಾಕಿ. “ಕಂಡವರದ್ದಕ್ಕೆಲ್ಲ ಕೈ ಹಾಕ್ತಾರೇನ್ಲಾ ಪಾಪಿ? ಇನ್ನು ಮೇಲೆ ಏನೇ ಮುಟ್ಟಬೇಕಾದ್ರೂ ಅದು ಯಾರದು ಅಂತ ಕೇಳು. ಅವರು ಹೂಂ ಅನ್ನೋಗಂಟ ಬೆರಳು ತಾಕಿಸ್ಬ್ಯಾಡ!”

“ಆಗ್ಲವ್ವ.”

ಓಟಿನ ಹಿಂದಿನ ದಿನ ಬೆಳಿಗ್ಗೆ ಗೌಡ ಮೆಲ್ಲಗೆ ಬಂದ. ಅವ್ವ, ಮಗ ಇಬ್ಬರೂ ಜಗುಲಿಯಲ್ಲಿದ್ದರು.

“ಪುಟ್ಟಲಿಂಗಕ್ಕ, ನಾಳೆ ಇಬ್ಬರೂ ಬೀಗ ಒತ್ತಿ.”

“ಬೀಗವಾ! ನೀವು ಬುಟ್ಟಿಯವರಲ್ವಾ ಗೌಡ್ರೇ?”

“ಮೆಲ್ಲಗೆ ಮಾತಾಡು! ಬುಟ್ಟಿ ಗೆದ್ರೆ, ಗೆಲ್ಸಿದ್ದು ನಾನು ಅಂತ ಕೆಂಚಪ್ಪ ಮೀಸೆ ತಿರುವ್ತಾನೆ. ಸೋತ್ರೆ, ಮಂಚದವರು ಕೈಕೊಟ್ರು ಅಂತ ನಾನು ಹೇಳ್ತೀನಿ. ಈ ಹಾಳು ಮೈತ್ರಿ ಮುರೀತದೆ.”

ಮಧ್ಯಾಹ್ನ ಹಿತ್ತಲ ಬಾಗಿಲಿಂದ ಕೆಂಚಪ್ಪ ಬಂದ. ಅವ್ವ, ಮಗ ಆಗಲೂ ಅಲ್ಲೇ ಇದ್ದರು.

“ಅಕ್ಕಾ, ನಾಳೆ ಬೀಗ ಒತ್ತಿ.”

“ನೀವೂನಾ?”

“ಬುಟ್ಟಿ ಗೆದ್ರೆ ಗೌಡ ನನ್ನ ತಲೆ ಮೇಲೆ ಹತ್ತಿ ಕೂರ್ತಾನೆ. ಸೋತ್ರೆ, ಗೌಡನ ಮುಖ ನೋಡಿ ಜನ ಹಾಕ್ಲಿಲ್ಲ ಅಂತೀನಿ. ಯಾರಿಗೂ ಹೇಳ್ಬ್ಯಾಡ.”

ಪುಟ್ಟಲಿಂಗಮ್ಮ ಕೂತು ಯೋಚಿಸಿದಳು. ಬುಟ್ಟಿ ಸೋತು ಇವರು ಕಿತ್ತಾಡಿಕೊಂಡರೆ, ನೀನು ಅವನ ಕಡೆ ಅಂತ ಇವನು, ನೀನು ಇವನ ಕಡೆ ಅಂತ ಅವನು. ನಡುವೆ ಅರೆದುಹೋಗುವವಳು ನಾನು. ಬುಟ್ಟಿ ಗೆದ್ದರೆ ಇಬ್ಬರೂ ಹಲ್ಲುಕಿರಿದುಕೊಂಡು ಒಂದೇ ಮೆರವಣಿಗೆಯಲ್ಲಿ ನಡೀತಾರೆ, ಗೋಡೌನೂ ಉಳಿಯುತ್ತೆ, ಟ್ರ್ಯಾಕ್ಟರೂ ಉಳಿಯುತ್ತೆ.

“ಮರಿಸಿದ್ದ, ಬುಟ್ಟಿ ಒತ್ತು ಕಣ್ಲಾ. ಅವರಿಬ್ಬರ ಮಾತು ಕಿವಿಗೆ ಹಾಕ್ಕೋಬ್ಯಾಡ.”

“ಆಗ್ಲವ್ವ.”

ಮಾರನೆಯ ದಿನ ಶಾಲೆಯಲ್ಲಿ ಮತಗಟ್ಟೆ. ಗೌಡ ತಾನೇ ಬುಟ್ಟಿಯ ಏಜೆಂಟಾಗಿ ಕೂತಿದ್ದ, ಬೇರೆ ಯಾರನ್ನು ನಂಬುವುದು? ಗೌಡನನ್ನು ಕಾಯಬೇಕಲ್ಲ ಅಂತ ಕೆಂಚಪ್ಪ ಯಾರೋ ಪಕ್ಷೇತರನ ಹೆಸರಲ್ಲಿ ಪಾಸು ಮಾಡಿಸಿಕೊಂಡು ಪಕ್ಕದಲ್ಲೇ ಕೂತಿದ್ದ. ಅತ್ತ ಬೀಗದ ಏಜೆಂಟು. ಮರಿಸಿದ್ದನ ಬೆರಳಿಗೆ ಶಾಯಿ ಹಾಕಿದರು, ರಟ್ಟಿನ ಮರೆಯ ಹಿಂದೆ ಕಳಿಸಿದರು. ಅವನು ಬೆರಳು ಎತ್ತಿದ. ಅಷ್ಟರಲ್ಲಿ ಅವ್ವನ ಮಾತು ನೆನಪಾಯಿತು. ಯಾರದು ಅಂತ ಕೇಳದೆ ಮುಟ್ಟಬಾರದು! ರಟ್ಟಿನ ಮೇಲಿಂದ ತಲೆ ಹೊರಗೆ ಹಾಕಿದ.

“ಗೌಡ್ರೇ, ಈ ಬುಟ್ಟಿ ನಿಮ್ದು. ಅವ್ವ ಇದನ್ನ ಒತ್ತು ಅಂದವ್ಳೆ, ನೀವು ಬೀಗ ಒತ್ತು ಅಂದಿದ್ರಿ. ಬುಟ್ಟಿ ಮುಟ್ಲಾ, ಬ್ಯಾಡ್ವಾ?”

ಗೌಡ ಮುಂದಿದ್ದ ಮತದಾರರ ಪಟ್ಟಿಯಲ್ಲಿ ಮುಖ ಹುದುಗಿಸಿದ. ಹೂಂ ಇಲ್ಲ, ಉಹೂಂ ಇಲ್ಲ.

ಕೆಂಚಪ್ಪ ಎಗರಿ ನಿಂತ. “ಏನ್ ಗೌಡಾ! ಬೀಗ ಒತ್ತು ಅಂದ್ಯಾ? ದ್ರೋಹಿ!”

“ಕೆಂಚಣ್ಣ, ನಿನ್ನೆ ಮಧ್ಯಾಹ್ನ ಹಿತ್ತಲಲ್ಲಿ ನೀವೂ ಅದನ್ನೇ ಅಂದ್ರಲ್ಲ?”

ಕೆಂಚಪ್ಪ ಕೂತ.

“ಏಯ್! ಮಾತಾಡಬಾರದು!” ಅಂತ ಅಧಿಕಾರಿ ಕೂಗಿದರು.

“ಹಂಗಾರೆ ಈ ಬೀಗ ಯಾರ್ದು ಸಾ?” ಅಂದ ಮರಿಸಿದ್ದ.

ಬೀಗದ ಏಜೆಂಟು ನಗು ತಡೆಯದೆ ಹೊಟ್ಟೆ ಹಿಡಿದುಕೊಂಡಿದ್ದ. “ನಮ್ದು ಕಣಪ್ಪಾ! ಹೂಂ, ಒತ್ತು ಒತ್ತು!”

ಯಜಮಾನ ಹೂಂ ಅಂದ. ಮರಿಸಿದ್ದ ಒತ್ತಿದ. ಕೀಂಯ್ ಅಂತು ಯಂತ್ರ.

ಬಾಗಿಲಲ್ಲಿ ಹೆಂಗಸರ ಸಾಲಿನ ಮುಂದೆ ನಿಂತಿದ್ದ ಪುಟ್ಟಲಿಂಗಮ್ಮ ಎಲ್ಲ ಕೇಳಿಸಿಕೊಂಡಳು. ಮುಗೀತು, ಗೋಡೌನೂ ಹೋಯ್ತು, ಟ್ರ್ಯಾಕ್ಟರೂ ಹೋಯ್ತು! ಆದರೆ ಅವಳೂ ಈ ಊರಲ್ಲೇ ಬಾಳಿದವಳು. ಓಟು ಹಾಕಿ ಹೊರಬಂದವಳು, ಶಾಲೆಯ ನಲ್ಲಿಯ ಹತ್ತಿರ ಇಬ್ಬರನ್ನೂ ನಿಲ್ಲಿಸಿಕೊಂಡು ತಣ್ಣಗೆ ಅಂದಳು: “ನನ್ನ ಮಗನ ಬಾಯಿ ನಾನು ಮುಚ್ಚಿಸ್ತೀನಿ. ಗೋಡೌನು?”

“ನಿಂದೇ ಅಕ್ಕ!”

“ಟ್ರ್ಯಾಕ್ಟರು?”

“ನಿಂದೇ ಅಕ್ಕ, ನಿಂದೇ!”

ಮೈತ್ರಿಯಾದ ಮೇಲೆ ಇಬ್ಬರೂ ಒಂದೇ ಮಾತು ಆಡಿದ್ದು ಅವತ್ತೇ. ಬೀಗದ ಏಜೆಂಟು ಊರೆಲ್ಲ ಹೇಳಿಕೊಂಡು ಬಂದ. ಎದುರು ಪಕ್ಷದವನು ಹೇಳುವುದು ಇನ್ನೇನು ಅಂತ ಒಬ್ಬರೂ ನಂಬಲಿಲ್ಲ.

ಅವ್ವ ಮಗನನ್ನು ಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು. “ಎಲ್ಲಾನೂ ಬಾಯಿಬಿಟ್ಟು ಕೇಳ್ತಾರೇನ್ಲಾ, ನನ್ನ ಹೊಟ್ಟೆ ಉರಿಸೋನೆ? ಇನ್ನು ಮೇಲೆ ಯಾರು ಏನೇ ಕೇಳ್ಲಿ, ಬಾಯಿ ಬಿಡಬ್ಯಾಡ! ಕೂರ್ಸು ಅಂದ್ರೆ ಕೂರ್ಸು, ಎತ್ತು ಅಂದ್ರೆ ಎತ್ತು. ಬಾಯಿಗೆ ಹೊಲಿಗೆ ಹಾಕ್ಕೋ!”

ಮರಿಸಿದ್ದ ಆಗ್ಲವ್ವ ಅನ್ನಲಿಲ್ಲ. ಬಾಯಿ ಬಿಗಿದು ತಲೆಯಾಡಿಸಿದ.

ಎಣಿಕೆಯಾಯಿತು. ಬುಟ್ಟಿ ಸೋತಿತು. ಆತ್ಮಾವಲೋಕನ ಸಭೆ ಅಂತ ಮೈತ್ರಿಯ ಜಿಲ್ಲಾ ಮುಖಂಡರು ಕಾರಿನಲ್ಲಿ ಬಂದಿಳಿದರು. ಸಭೆ ಗೋಡೌನಿನ ಅಂಗಳದಲ್ಲೇ, ಕುರ್ಚಿ ಪುಟ್ಟಲಿಂಗಮ್ಮನದೇ. ಅವಳು ಗೋಡೌನಿನ ಬಾಗಿಲಲ್ಲಿ ನಿಂತಿದ್ದಳು. ಮಗನ ಬಾಯಿ ಬಿಗಿದಿದೆಯೋ ಇಲ್ಲವೋ ಅಂತ ಗಳಿಗೆಗೊಮ್ಮೆ ನೋಡುತ್ತಿದ್ದಳು. ಬಿಗಿದಿತ್ತು. ಮುಂದಿನ ಸಾಲಿನಲ್ಲಿ ಗೌಡ, ಕೆಂಚಪ್ಪ ಹೆಗಲಿಗೆ ಹೆಗಲು ಹಚ್ಚಿ, ಮನೆಯಲ್ಲಿ ಸಾವಾದವರ ಹಾಗೆ ಮುಖ ಮಾಡಿಕೊಂಡಿದ್ದರು.

ಜಿಲ್ಲಾ ಮುಖಂಡರು ಮೇಜು ಗುದ್ದಿದರು.

“ಈ ಊರಲ್ಲಿ ನಮ್ಮವರೇ ನಮ್ಮ ಕುತ್ತಿಗೆ ಕೊಯ್ದಿದ್ದಾರೆ! ಬೀಗ ಒತ್ತಿ ಅಂತ ಹೇಳಿಕೊಟ್ಟವರು ಯಾರು? ಅವರನ್ನ ಈಗಿಂದೀಗ ತಂದು ನನ್ನ ಎದುರಿಗೆ ಕೂರಿಸಿ!”

ಸಭೆ ತಲೆತಗ್ಗಿಸಿತು. ಯಾರೂ ಬಾಯಿ ಬಿಡಲಿಲ್ಲ. ಮರಿಸಿದ್ದನೂ ಬಿಡಲಿಲ್ಲ. ಆದರೆ ಕೂರಿಸಿ ಅಂದರಲ್ಲ! ಕೂರಿಸುವುದು ಅವನ ಕೆಲಸವಲ್ಲವೇ? ತುಟಿ ಬಿಗಿದುಕೊಂಡೇ ಅವ್ವನನ್ನು ದಾಟಿ ಗೋಡೌನಿಗೆ ಹೋದ. ಮದುವೆ ಸೋಫಾ ಹೊತ್ತು ತಂದ. ಜಿಲ್ಲಾ ಮುಖಂಡರ ಎದುರಿಗೆ ಇಟ್ಟ. ಹೆಗಲ ಮೇಲಿನ ಬಟ್ಟೆಯಿಂದ ಎರಡೂ ದಿಂಬಿನ ಧೂಳು ಕೊಡವಿದ. ಆಮೇಲೆ ಮುಂದಿನ ಸಾಲಿಗೆ ಬಂದು, ಗೌಡನ ರಟ್ಟೆ ಒಂದು ಕೈಯಲ್ಲಿ, ಕೆಂಚಪ್ಪನ ರಟ್ಟೆ ಒಂದು ಕೈಯಲ್ಲಿ ಹಿಡಿದು, ಮಕ್ಕಳನ್ನು ಎತ್ತುವ ಹಾಗೆ ಎತ್ತಿ ತಂದು ಕೂರಿಸಿದ. ಎಡಕ್ಕೊಬ್ಬ, ಬಲಕ್ಕೊಬ್ಬ, ಮೇಲೆ ಶುಭವಿವಾಹ!

ಜಿಲ್ಲಾ ಮುಖಂಡರು ಒಂದು ನವಿಲು ನೋಡಿದರು, ಇನ್ನೊಂದು ನವಿಲು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ಸಭೆಗೂ ಅರ್ಥವಾಯಿತು.

ಸಾಯಂಕಾಲಕ್ಕೆ ಕುರ್ಚಿಗಳೆಲ್ಲ ಬೀದಿಯಲ್ಲಿದ್ದವು, ಬೀದಿಯಲ್ಲೇ ಉಳಿದವು. ಗೌಡ ಬೀಗದಕೈ ಕಿತ್ತುಕೊಂಡು ಹೋದ, ಕೆಂಚಪ್ಪ ಟ್ರ್ಯಾಕ್ಟರು ಹೊಡೆದುಕೊಂಡು ಹೋದ. ಪುಟ್ಟಲಿಂಗಮ್ಮ ನೀಲಿ ಕುರ್ಚಿಗಳ ನಡುವೆ ನಿಂತು ಎದೆ ಬಡಿದುಕೊಂಡಳು.

“ಅಯ್ಯೋ ಮಗನೇ! ನಿಲ್ಲೋಕೆ ನೆಲೆ ಇಲ್ದಂಗೆ ಮಾಡಿದ್ಯಲ್ಲೋ! ಇನ್ನು ನಾನು ಎಲ್ಲಿ ಕೂರ್ಲೋ?”

ಮರಿಸಿದ್ದ ಬಾಯಿ ಬಿಡಲಿಲ್ಲ. ಅತ್ತಿತ್ತ ನೋಡಿದ. ಗೀರಿಲ್ಲದ, ಬಣ್ಣ ಬಿಡದ ಒಂದು ಕುರ್ಚಿ ಹುಡುಕಿ ಎತ್ತಿ ತಂದು, ಧೂಳು ಕೊಡವಿ, ಅವ್ವನ ಹಿಂದೆ ಇಟ್ಟ.