ಟ್ಯಾಂಕಿನ ಬೆಸುಗೆ

ಕಥೆ ಹೇಳಿ ಅಭ್ಯಾಸವಿಲ್ಲ, ಎಡವಿದರೆ ಕ್ಷಮಿಸಿ. ಮೆಕ್ಯಾನಿಕ್ ಪುಟ್ಟಾಚಾರಿ ಹಳೆಯ ಮೋಟಾರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿಗೆ ಹುಣಸೆನೀರು ಸುರಿದು, ಒಂದು ಹಿಡಿ ಜಲ್ಲಿಕಲ್ಲು ಹಾಕಿ ಕುಲುಕತೊಡಗಿದ. ಒಳಗಿನ ತುಕ್ಕು ಬಿಡದಿದ್ದರೆ ಟ್ಯಾಂಕು ಗುಜರಿಗೇ.

"ನಿನ್ನ ತೂತು ಮುಚ್ಚಿರುವವನು ನಾನು ಕಣೋ! ನಾನು ಹೋದರೆ ಸೋರಿಹೋಗುತ್ತೀಯ," ಎಂದು ತುಕ್ಕು ಹೆದರಿಸಿತು.

ಸೋರಿಹೋಗುವ ಭಯ ಟ್ಯಾಂಕಿಗೂ ಇತ್ತು. ಆದರೂ, "ಆ ತೂತು ಕೊರೆದವನೂ ನೀನೇ ಅಲ್ಲವೇನೋ? ಕಲ್ಲಣ್ಣಾ, ಇನ್ನೂ ಜೋರಾಗಿ ಉಜ್ಜು!" ಎಂದಿತು.

ತುಕ್ಕು ಕಳಚಿತು, ತೂತು ಕಂಡಿತು. ಪುಟ್ಟಾಚಾರಿ ಟ್ಯಾಂಕನ್ನು ತೊಳೆದು ಒಣಗಿಸಿ ಬೆಸುಗೆ ಹಾಕಿದ. ಪೆಟ್ರೋಲ್ ತುಂಬಿದರೆ ಒಂದು ಹನಿಯೂ ಸೋರಲಿಲ್ಲ.

"ಬೆಸುಗೆಯ ಮೇಲೆ ಬಣ್ಣ ಬಳಿಯಬೇಡಿ ಆಚಾರರೇ, ಎಲ್ಲರೂ ನೋಡಲಿ," ಎಂದು ಟ್ಯಾಂಕು ಬೀಗಿತು.

ಇಲ್ಲಿ ತುಕ್ಕು ಎಂದರೆ ಬರೀ ತುಕ್ಕಲ್ಲ, ಕೆಡುಕು ಮಾಡಿ ಉಪಕಾರ ಎನ್ನುವವರು. ಇನ್ನು ಬೆಸುಗೆ ಎಂದರೆ... ಅಯ್ಯೋ, ಒಳಗಿಂದ ಅತ್ತೆ ಕೂಗುತ್ತಿದ್ದಾರೆ. ಬಂದೆ ಅತ್ತೆ, ಬಂದೆ!